ಹೆಡ್ ಮೇಷ್ಟ್ರ ರುಜು

ಹೋದ ತಿಂಗಳು ಹಿರಿಯರ ಆರೋಗ್ಯ ಯೋಜನೆಯ ಕಾರ್ಡು ಮಾಡಿಸಲು ಹೋಗಿ ಟೋಕನ್ ಹಿಡಿದು ಕೂತಿದ್ದೆ. ಪಕ್ಕದ ಕುರ್ಚಿಯಲ್ಲಿದ್ದವರು ಜೇಬಿನಿಂದ ಕರವಸ್ತ್ರ ತೆಗೆದು ಮೂಗಿಗೆ ಒತ್ತಿಕೊಂಡರು. ನೀಲಗಿರಿ ಎಣ್ಣೆಯ ವಾಸನೆ ಗಮ್ಮೆಂದು ಬಂತು. ಡಾಕ್ಟರಾಗಿ ಬದುಕಿದವನು, ನೆಗಡಿಯೇ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಅವರ ಮುಖವನ್ನೇ ನೋಡುತ್ತಾ ಕೂತುಬಿಟ್ಟೆ. ಅವರಿಗೆ ಇರುಸುಮುರುಸಾಗಿ ಆ ಕಡೆಗೆ ತಿರುಗಿಕೊಂಡರು. ಪಾಪ, ಅವರಿಗೇನು ಗೊತ್ತು, ನಾನು ಆಗಲೇ ಲಷ್ಕರ್ ಮೊಹಲ್ಲಾದ ಒಂದು ಭಜನೆ ಮನೆಯ ಜಗಲಿಗೆ ಹೋಗಿ ಕೂತಾಗಿತ್ತು ಎಂದು.

ಐವತ್ತರ ದಶಕದ ಕೊನೆ ಅದು. ನನಗೆ ಇಪ್ಪತ್ತೇಳು ವರ್ಷ. ಓದು ಮುಗಿಸಿ ಮಾರುಕಟ್ಟೆಯ ಹತ್ತಿರ ಒಂದು ಬಾಗಿಲಿನ ಶಾಪು ಇಟ್ಟುಕೊಂಡಿದ್ದೆ. ರೋಗಿಗಳಿಗಿಂತ ನೊಣಗಳೇ ಹೆಚ್ಚಾಗಿ ಬರುತ್ತಿದ್ದ ದಿನಗಳು. ಒಂದು ಬೆಳಿಗ್ಗೆ ಕಚ್ಚೆಪಂಚೆ, ಮುಚ್ಚುಕೋಟು, ಹಣೆಯ ತುಂಬ ವಿಭೂತಿಯ ಹಿರಿಯರೊಬ್ಬರು ಬಂದು, ಕೈ ತೋರಿಸದೆ ನಾಲಿಗೆ ಚಾಚದೆ, ಬೆಂಚಿನ ಮೇಲೆ ನೆಟ್ಟಗೆ ಕೂತರು.

“ಡಾಕ್ಟ್ರೇ, ಮಂಗಳವಾರ ಶನಿವಾರ ನಿಮಗೆ ಅಂಥಾ ಕೆಲಸ ಇರೋ ಹಾಗೆ ಕಾಣಲ್ಲ. ನಾಲ್ಕು ವಾರದಿಂದ ಬೀದೀಲಿ ಹೋಗ್ತಾ ನೋಡ್ತಿದ್ದೀನಿ. ನಮ್ಮ ಸಂಘಕ್ಕೆ ಬನ್ನಿ. ನಿಮಗೆ ರೋಗಿಗಳು ಸಿಗ್ತಾರೆ, ಅವರಿಗೆ ಡಾಕ್ಟ್ರು ಸಿಗ್ತಾರೆ,” ಎಂದರು. ಕೋಟಿನ ಜೇಬಿನಿಂದ ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡರು. ನೀಲಗಿರಿ ಎಣ್ಣೆಯ ವಾಸನೆಯನ್ನು ಮೊದಲು ಅವರ ಜೊತೆ ಸೇರಿಸಿಕೊಂಡದ್ದು ಆವತ್ತು.

ಅವರು ನಿವೃತ್ತ ಹೆಡ್ ಮೇಷ್ಟ್ರು. ಎಪ್ಪತ್ತು ದಾಟಿತ್ತು. ಮೊಹಲ್ಲಾದಲ್ಲಿ ಯಾರಿಗೂ ಅವರ ಹೆಸರು ಬೇಕಾಗುತ್ತಿರಲಿಲ್ಲ, ಹೆಡ್ ಮೇಷ್ಟ್ರು ಎಂದರೆ ಸಾಕು, ಹಾಲಿನವನೂ ಮನೆ ತೋರಿಸುತ್ತಿದ್ದ. ಅವರೇ ಕಟ್ಟಿ, ಅವರೇ ಕಾರ್ಯದರ್ಶಿಯಾಗಿದ್ದ ವಯೋವೃದ್ಧರ ಸಂಘ ಅದು. ಅರವತ್ತು ತುಂಬಿದವರು ಸದಸ್ಯರಾಗಬಹುದು. ಸದಸ್ಯರಾದವರನ್ನು ವಾರಕ್ಕೆರಡು ದಿನ, ಮಂಗಳವಾರ ಮತ್ತು ಶನಿವಾರ, ಭಜನೆ ಮನೆಯ ಜಗಲಿಯಲ್ಲಿ ಡಾಕ್ಟರು ನೋಡುತ್ತಾರೆ. ಸೀಸೆ ತಂದರೆ ಮಿಕ್ಸ್ಚರು, ಹಾಳೆ ತಂದರೆ ಪುಡಿ ಕಟ್ಟಿಕೊಡುತ್ತೇವೆ. ಎಲ್ಲಕ್ಕಿಂತ ದೊಡ್ಡದೆಂದರೆ, ವರ್ಷಕ್ಕೊಮ್ಮೆ ದಸರಾ ಮುಗಿದ ಮೇಲೆ, ಎಂಟು ಜನ ಸದಸ್ಯರಿಗೆ ಒಂದು ಧರ್ಮಾರ್ಥ ಕಣ್ಣಾಸ್ಪತ್ರೆಯಲ್ಲಿ ಪೊರೆ ತೆಗೆಸುವ ಏರ್ಪಾಟು. ಸಂಘದ ಪತ್ರ ಇದ್ದರೆ ನೇರ ಹಾಸಿಗೆ. ಇಲ್ಲದಿದ್ದರೆ ಸಾಮಾನ್ಯರ ಸಾಲು. ಆ ಸಾಲಿನಲ್ಲಿ ಸರದಿ ಬರುವಷ್ಟರಲ್ಲಿ ಎರಡು ವರ್ಷ, ಮೂರು ವರ್ಷ...

ಆಸ್ಪತ್ರೆಯವರದ್ದು ಒಂದೇ ಪಟ್ಟು. ಪತ್ರದಲ್ಲಿರುವ ಪ್ರತಿಯೊಬ್ಬರಿಗೂ ಅರವತ್ತು ತುಂಬಿರಬೇಕು, ಅದಕ್ಕೆ ದಾಖಲೆ ಬೇಕು. ನಮ್ಮ ಸದಸ್ಯರ ಹತ್ತಿರ ಎಲ್ಲಿಯ ದಾಖಲೆ? ಜಟಕಾ ಹೊಡೆದವರು, ಅರಮನೆಯ ಲಾಯದಲ್ಲಿ ಹುಲ್ಲು ಹಾಕಿದವರು, ಹೂ ಕಟ್ಟಿದ ಅಜ್ಜಿಯರು. ವಯಸ್ಸೆಷ್ಟು ಎಂದರೆ “ಆಗಿರ್ಬೇಕು ಬುಡಿ ಸ್ವಾಮಿ, ಒಂದೈವತ್ತೋ ಎಂಬತ್ತೋ” ಎನ್ನುವವರು. ಅಂಥವರ ವಯಸ್ಸಿಗೆ ಹೆಡ್ ಮೇಷ್ಟ್ರು ರುಜು ಹಾಕಿದರೆ ಆಸ್ಪತ್ರೆ ಒಪ್ಪುತ್ತಿತ್ತು. ಆದರೆ ಕಾಗದ ಇದ್ದವರಿಗೆ ಕಾಗದವೇ ಪ್ರಮಾಣ.

ರುಜು ಹಾಕುವ ಮುಂಚೆ ಅವರು ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತಿದ್ದರು. “ಮೊದಲನೇ ಪ್ಲೇಗಿನಲ್ಲಿ ಊರು ಖಾಲಿ ಮಾಡಿ ಹೊಲದ ಗುಡಿಸಲಿಗೆ ಹೋದರಲ್ಲ, ಆಗ ನೀವು ನಡೆದು ಹೋದಿರೋ, ಕಂಕುಳಲ್ಲಿ ಹೋದಿರೋ?” ನಡೆದು ಹೋದವರಿಗೆ ಅರವತ್ತೈದರ ಮೇಲೆ. ಕಂಕುಳಲ್ಲಿ ಹೋದವರಿಗೆ ಅರವತ್ತು. ಪ್ಲೇಗು ಹೋದ ಮೇಲೆ ಹುಟ್ಟಿದವರು ಇನ್ನೂ ಕಾಯಬೇಕು. ಯಾರನ್ನು ಯಾರು ಎತ್ತಿಕೊಂಡಿದ್ದರು, ಗುಡಿಸಲು ಯಾವ ಹೊಲದಲ್ಲಿತ್ತು, ಎಲ್ಲ ಕೆದಕಿ ಕೇಳುತ್ತಿದ್ದರು. ನಾನು ಎದುರಿಗೆ ನಗುತ್ತಿದ್ದೆ. ಒಳಗೊಳಗೇ ಮೆಚ್ಚುತ್ತಿದ್ದೆ.

ಆ ವರ್ಷ ಪಟ್ಟಿಗೆ ಏಳು ಹೆಸರು ಸೇರಿದ್ದವು. ಒಂದು ಮಂಗಳವಾರ ಎಂಟನೆಯವರಾಗಿ ಬಂದವರು ಕುಂಬಾರಕೊಪ್ಪಲಿನ ಒಬ್ಬ ಕಂಪಾಸಿಟರು. ಖಾಸಗಿ ಅಚ್ಚುಕೂಟವೊಂದರಲ್ಲಿ ನಲವತ್ತು ವರ್ಷ ಅಚ್ಚಿನ ಮೊಳೆ ಜೋಡಿಸಿದವರು. ಬಲಗಣ್ಣು ಆಗಲೇ ಹೋಗಿತ್ತು. ಪೊರೆ ಬಲಿತು, ಬಲಿತದ್ದು ಮೀರಿ, ಒಳಗೆ ಒತ್ತಡ ಏರಿ ಆರಿಹೋದ ಕಣ್ಣು ಅದು. ಎಡಗಣ್ಣಿಗೆ ಟಾರ್ಚು ಹಾಕಿ ನೋಡಿದೆ. ಅದರಲ್ಲೂ ಪೊರೆ ಪೂರಾ ಬಲಿತಿತ್ತು. ಬೆಳಕು ಯಾವ ಕಡೆಯಿಂದ ಬರುತ್ತಿದೆ ಎನ್ನುವುದಷ್ಟೇ ಗೊತ್ತಾಗುತ್ತಿತ್ತು. ಈ ಚಳಿಗಾಲದಲ್ಲಿ ತೆಗೆದರೆ ಉಳಿಯುತ್ತದೆ, ಮುಂದಿನ ವರ್ಷಕ್ಕೆ ಬಿಟ್ಟರೆ ಇದೂ ಬಲಗಣ್ಣಿನ ದಾರಿ ಹಿಡಿಯುತ್ತದೆ ಎಂದು ಹೆಡ್ ಮೇಷ್ಟ್ರಿಗೆ ಹೇಳಿದೆ.

ಕಂಪಾಸಿಟರು ಪಂಚೆಯ ಮಡಿಕೆಯಿಂದ ಒಂದು ಕಾಗದ ತೆಗೆದು ಮುಂದೆ ಚಾಚಿದರು. ಶಾಲೆಯ ಸರ್ಟಿಫಿಕೇಟು. ಮಡಿಕೆಯ ಗೆರೆಗಳಲ್ಲಿ ಹರಿದು, ಹಿಂದಿನಿಂದ ಅಂಟಿಸಿ, ಜೋಪಾನ ಮಾಡಿದ್ದರು. “ಕಾಗದ ಇದ್ದೋರ್ಗೆ ಬೇಗ ಆಯ್ತದೆ ಅಂದ್ರು, ಮೇಷ್ಟ್ರೇ. ಅದ್ಕೇ ಉಡುಕ್ಸಿ ತಂದೆ,” ಎಂದರು. ಮುಖದಲ್ಲಿ ಹೆಮ್ಮೆ. ಅಷ್ಟು ಜನರಲ್ಲಿ ಕಾಗದ ಇದ್ದವರು ಅವರೊಬ್ಬರೇ.

ಹೆಡ್ ಮೇಷ್ಟ್ರು ಓದಿದರು. ಲೆಕ್ಕ ಹಾಕಿದರು. ಕಾಗದದ ಪ್ರಕಾರ ಅವರಿಗೆ ಐವತ್ತೇಳು.

“ಇನ್ನೂ ಮೂರು ವರ್ಷ ಇದೆಯಲ್ಲಪ್ಪ,” ಎಂದರು.

ನನಗೆ ಮೂಗಿನ ತುದಿಯಲ್ಲೇ ಕೋಪ ಇದ್ದ ಕಾಲ. ಕಂಪಾಸಿಟರು ಜಗಲಿ ಇಳಿದು ಹೋಗುವವರೆಗೂ ಹೇಗೋ ತಡೆದುಕೊಂಡೆ. ಆಮೇಲೆ ಎಗರಾಡಿದೆ. “ನಾವಿಲ್ಲಿ ಕಾಗದ ನೋಡೋದೋ ಕಣ್ಣು ನೋಡೋದೋ ಮೇಷ್ಟ್ರೇ? ಕಾಗದ ಇಲ್ಲ ಅಂತ ಬರೀರಿ. ಪ್ಲೇಗಿನ ಕಂಕುಳಲ್ಲಿ ಇವರನ್ನೂ ಕೂರಿಸಿ, ಮುಗೀತು,” ಎಂದೆ. ಅವರು ಕೋಪ ಮಾಡಿಕೊಳ್ಳಲಿಲ್ಲ. “ನನ್ನ ರುಜು ನಂಬಿಕೊಂಡು ಏಳು ಜನ ಇದ್ದಾರೆ ಡಾಕ್ಟ್ರೇ. ಒಂದು ಸುಳ್ಳು ಬರೆದೆ ಅಂತಾದ್ರೆ ಆ ಏಳೂ ಸುಳ್ಳಾಗತ್ತೆ,” ಎಂದು ಪಟ್ಟಿ ಮಡಿಸಿಟ್ಟರು.

ಆ ಶನಿವಾರ ಕಂಪಾಸಿಟರು ಮತ್ತೆ ಬಂದರು, ಈ ಸಲ ಅಕ್ಕನ ಕೈ ಹಿಡಿದುಕೊಂಡು. ಆಕೆ ಬೋಗಾದಿಯಿಂದ ನಡೆದೇ ಬಂದಿದ್ದರು. ಆಗ ಬೋಗಾದಿ ಹೊಲ ಗದ್ದೆಗಳ ಹಳ್ಳಿ. ಎಪ್ಪತ್ತರ ಹತ್ತಿರದ ಹೆಂಗಸು, ಬೆನ್ನು ಬಾಗಿರಲಿಲ್ಲ, ಕಣ್ಣು ಚುರುಕಾಗಿತ್ತು, ಬಾಯಿ ಕಣ್ಣಿಗಿಂತ ಚುರುಕು. ಜಗಲಿಯ ತುಂಬ ಜನ ಕೂತಿದ್ದರು. ಆಕೆ ಯಾರನ್ನೂ ಲೆಕ್ಕಿಸದೆ ಹೆಡ್ ಮೇಷ್ಟ್ರ ಮುಂದೆ ನಿಂತರು.

“ಇವ್ನ್ಗೆ ಅರವತ್ತಾಗಿಲ್ಲ ಅಂದ್ರಂತೆ? ಎಂಗ್ ಸ್ವಾಮಿ ಆಗಿಲ್ಲ? ಪ್ಲೇಗಲ್ಲಿ ಇವ್ನ ಎತ್ಕಂಡ್ ಓಡಿದ್ದು ನಾನೇ ಕಣ್ ಸ್ವಾಮಿ. ಈ ಕಂಕುಳ್ಗೇ ಉಚ್ಚೆ ಉಯ್ಕಂಡಿದ್ದ. ಅವ್ವ ಅಲ್ಲೇ ಗುಡ್ಲಲ್ಲೇ ತೀರ್ಕಂಡ್ಲು. ಇವ್ನ ಸಾಕಿದ್ದು ನಾನು. ನಂಗೊತ್ತಿಲ್ವಾ ಇವ್ನ ವಯಸ್ಸು?”

ಹೆಡ್ ಮೇಷ್ಟ್ರು ಸಮಾಧಾನವಾಗಿಯೇ ಕಾಗದದ ವಿಷಯ ಹೇಳಿದರು. ಶಾಲೆಗೆ ಸೇರಿಸುವಾಗ ಬರೆಸಿದ ವಯಸ್ಸು ಕಣಮ್ಮ, ಅದನ್ನು ನಾವು ತಿದ್ದುವ ಹಾಗಿಲ್ಲ ಎಂದರು.

“ಬರ್ಸಿದ್ದಲ್ಲ, ಬರ್ಕೊಂಡಿದ್ದು,” ಎಂದರು ಆಕೆ. “ನಮ್ಮಪ್ಪ ಇವ್ನ ಇಸ್ಕೂಲ್ಗೆ ಕರ್ಕೊಂಡ್ ಬಂದಾಗ ನಾನೂ ಬಂದಿದ್ದೆ. ಅತ್ ವರ್ಸ ಅಂದ ನಮ್ಮಪ್ಪ. ಅಲ್ಲೊಬ್ರು ಚಿಕ್ ಮೇಷ್ಟ್ರು ಕೂತಿದ್ರು. ಅತ್ತಾದ್ರೆ ಒಂದ್ನೇ ಕ್ಲಾಸ್ಗೆ ಸೇರ್ಸಕ್ಕಾಗಲ್ಲ, ಆರು ಅಂತ ಬರ್ಕೋತೀನಿ, ಮುಂದಕ್ಕೂ ಒಳ್ಳೇದಾಯ್ತದೆ ಅಂದ್ರು. ನಮ್ಮಪ್ಪ ಅವ್ರ ಕಾಲ್ ಮುಟ್ದ.” ಆಕೆ ಒಂದು ಕ್ಷಣ ನಿಲ್ಲಿಸಿ ಹೆಡ್ ಮೇಷ್ಟ್ರ ಮುಖವನ್ನು ಹತ್ತಿರದಿಂದ ನೋಡಿದರು. “ನೀವೇ ಅಲ್ವಾ ಸ್ವಾಮಿ, ಆ ಚಿಕ್ ಮೇಷ್ಟ್ರು?”

ಕಂಪಾಸಿಟರು ಅಕ್ಕನ ಸೆರಗು ಎಳೆದು, “ಸುಮ್ಕಿರಕ್ಕ, ಮೇಷ್ಟ್ರು ಒಳ್ಳೇದ್ಕೇ ಮಾಡಿದ್ದು,” ಎಂದರು. ಅವರಿಗೆ ಮೊದಲೇ ಗೊತ್ತಿತ್ತು ಎಂದು ಆಗ ನನಗೆ ಹೊಳೆಯಿತು. ಗೊತ್ತಿದ್ದೂ ಮಂಗಳವಾರ ಬಾಯಿ ಬಿಟ್ಟಿರಲಿಲ್ಲ. ಹೆಡ್ ಮೇಷ್ಟ್ರು ಕರವಸ್ತ್ರ ತೆಗೆದು ಕೈಯಲ್ಲೇ ಹಿಡಿದುಕೊಂಡು ಕೂತರು. ಸಾವಿರಾರು ಮಕ್ಕಳನ್ನು ಕಂಡವರು, ಐವತ್ತು ವರ್ಷದ ಹಿಂದಿನ ಒಂದು ಬೆಳಿಗ್ಗೆ ಅವರಿಗೆ ನೆನಪಿರಲಿಲ್ಲ.

ಸೋಮವಾರ ಆ ಶಾಲೆಗೆ ಹೋಗಿ ಹಳೆಯ ದಾಖಲಾತಿ ರಿಜಿಸ್ಟರು ತೆಗೆಸಿ ನೋಡಿದರಂತೆ. ಅಲ್ಲಿಂದ ನೇರ ನನ್ನ ಶಾಪಿಗೆ ಬಂದರು. ಬಿಸಿಲಿಗೆ ಮುಖ ಕೆಂಪಾಗಿತ್ತು. ನೀರು ಕೊಟ್ಟೆ.

“ನನ್ನದೇ ಅಕ್ಷರ ಡಾಕ್ಟ್ರೇ. ಆಗ ನನಗೆ ಇಪ್ಪತ್ತೊಂದು. ಅದೇ ಪುಟದಲ್ಲಿ ಇನ್ನೂ ಆರೇಳು ಹುಡುಗರಿಗೆ ಹಾಗೇ ಬರೆದಿದ್ದೀನಿ. ಉಪಕಾರ ಅಂದ್ಕೊಂಡು ಬರೆದದ್ದು.”

ಆಸ್ಪತ್ರೆಗೆ ಪತ್ರ ಬರೆಯಲು ನಿರ್ಧರಿಸಿಯೇ ಬಂದಿದ್ದರು. ಶಾಲೆಯಲ್ಲೇ ಕೂತು ಬರೆದ ಕರಡು ತೋರಿಸಿದರು. ಈ ಸದಸ್ಯರ ಸರ್ಟಿಫಿಕೇಟಿನಲ್ಲಿರುವ ವಯಸ್ಸು ತಪ್ಪು, ಆ ತಪ್ಪನ್ನು ತಿಳಿದೂ ಬರೆದವನು ನಾನು, ಆದ್ದರಿಂದ ಡಾಕ್ಟರ ಅಂದಾಜನ್ನು ಪ್ರಮಾಣವಾಗಿ ತೆಗೆದುಕೊಳ್ಳಬೇಕು ಎಂದು ನೆಟ್ಟಗೆ ನಾಲ್ಕು ಸಾಲು. ಸುತ್ತಿ ಬಳಸಿದ ಒಂದು ಮಾತಿಲ್ಲ. ಇದನ್ನು ಕಳಿಸಿದರೆ ಆಸ್ಪತ್ರೆಯಲ್ಲಿ ಇವರ ರುಜುವಿಗೆ ಬೆಲೆ ಇರುವುದಿಲ್ಲ ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

“ಇದನ್ನ ಕಳಿಸಿದ್ರೆ ನಾಳೆಯಿಂದ ನಿಮ್ಮ ರುಜು ಅಲ್ಲಿ ಯಾರೂ ಒಪ್ಪಲ್ಲ ಮೇಷ್ಟ್ರೇ.”

“ಒಪ್ಪಬಾರದು,” ಎಂದರು.

ಆದರೆ ಅವರು ಹಠಕ್ಕೆ ಬಿದ್ದು ಉಳಿದವರನ್ನು ಮುಳುಗಿಸುವ ಮನುಷ್ಯ ಅಲ್ಲ. ಎಲ್ಲ ಯೋಚಿಸಿಕೊಂಡೇ ಬಂದಿದ್ದರು. ಪಟ್ಟಿಯಲ್ಲಿದ್ದ ಏಳು ಜನರನ್ನೂ ನಾನು ಹೊಸದಾಗಿ ಪರೀಕ್ಷಿಸಿ, ನನ್ನ ರುಜುವಿನಲ್ಲೇ ವಯಸ್ಸು ಬರೆದುಕೊಡಬೇಕು. ಆ ಏಳು ಕಾಗದ ಮೊದಲು ಹೋಗಿ ಮಂಜೂರಾಗಬೇಕು. ಎಂಟನೆಯದು, ಅವರ ಪತ್ರದ ಜೊತೆಗೆ, ಆಮೇಲೆ. ಅಷ್ಟರಲ್ಲಿ ಅವರು ಕಾರ್ಯದರ್ಶಿ ಸ್ಥಾನ ಬಿಟ್ಟಿರುತ್ತಾರೆ. ಹೇಳಿದ ಹಾಗೆಯೇ ಮಾಡಿದೆ. ಆದರೆ ಮನಸ್ಸು ಒಪ್ಪಲಿಲ್ಲ. ಒಂದು ಸಣ್ಣ ಸುಳ್ಳಿನಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಇಷ್ಟೆಲ್ಲ ಬೇಕಿತ್ತೇ ಎಂದು ಗೊಣಗಿಕೊಂಡೆ. ಆ ಸೋಮವಾರ ಅವರು ಎದ್ದು ಹೋಗುವಾಗಲೇ, “ನಿಮ್ಮ ಸತ್ಯ ನಿಮಗೆ ದೊಡ್ಡದು, ಸಂಘ ಏನಾದ್ರೂ ಆಗ್ಲಿ,” ಎಂದುಬಿಟ್ಟೆ. ಅವರು ಬಾಗಿಲಲ್ಲಿ ತಿರುಗಿ ನೋಡಿದರು. ಕರಡನ್ನು ಜೇಬಿಗಿಟ್ಟುಕೊಂಡು ಬೀದಿಗಿಳಿದರು.

ಎಂಟು ಜನಕ್ಕೂ ಹಾಸಿಗೆ ಸಿಕ್ಕಿತು. ಕಂಪಾಸಿಟರನ್ನೂ ಒಪ್ಪಿಕೊಂಡರು. ಆಸ್ಪತ್ರೆಯಿಂದ ಬಂದ ಅದೇ ಉತ್ತರದಲ್ಲಿ, ಇನ್ನು ಮುಂದೆ ಈ ಹಿಂದಿನ ಕಾರ್ಯದರ್ಶಿಗಳ ದೃಢೀಕರಣವನ್ನು ಒಪ್ಪಲಾಗುವುದಿಲ್ಲ ಎಂದೂ ಬರೆದಿದ್ದರು. ಆ ಕಾಲದಲ್ಲಿ ಪೊರೆ ತೆಗೆದ ಮೇಲೆ ತಲೆಯ ಎರಡೂ ಕಡೆ ಮರಳಿನ ಚೀಲ ಇಟ್ಟು ವಾರಗಟ್ಟಲೆ ಅಲ್ಲಾಡದಂತೆ ಮಲಗಿಸುತ್ತಿದ್ದರು. ಆಮೇಲೂ ದಪ್ಪ ಗಾಜಿನ ಕನ್ನಡಕ ಬರುವವರೆಗೆ ಕಾಯಬೇಕು. ಕಂಪಾಸಿಟರ ಸುದ್ದಿ ಅವರ ಅಕ್ಕನ ಬಾಯಿಂದ ಬರುತ್ತಿತ್ತು, ಚೆನ್ನಾಗಿದೆ, ಕಟ್ಟು ಬಿಚ್ಚಿದರು, ಬೆರಳು ಎಣಿಸಿದ ಎಂದು.

ಇತ್ತ ಹೆಡ್ ಮೇಷ್ಟ್ರು ಸಾಮಾನ್ಯ ಸದಸ್ಯರಾಗಿ ಬೆಂಚಿನ ತುದಿಯಲ್ಲಿ ಕೂತು, ಸರದಿ ಬಂದಾಗ ತೋಳು ಚಾಚುತ್ತಿದ್ದರು. ಅವರಿಗೆ ರಕ್ತದೊತ್ತಡ. ಸರ್ಪಗಂಧದ ಮಾತ್ರೆ ಎರಡು ವಾರಕ್ಕಾಗುವಷ್ಟು ಕೊಡುತ್ತಿದ್ದೆ. ಇಬ್ಬರೂ ಬೇಕಾದಷ್ಟೇ ಮಾತಾಡುತ್ತಿದ್ದೆವು. ಒಂದು ಮಂಗಳವಾರ ಸಾಲಿನಲ್ಲಿದ್ದ ಯಾರೋ ಒಬ್ಬರು, “ಮೇಷ್ಟ್ರ ವಯಸ್ಸಾದ್ರೂ ನಿಜವೋ, ಅದೂ ಬರ್ಕೊಂಡಿದ್ದೋ?” ಎಂದರು. ಸುತ್ತಲಿನವರು ನಕ್ಕರು. ಕೆಟ್ಟ ಮನಸ್ಸಿನಿಂದ ನಕ್ಕದ್ದಲ್ಲ, ಅವರೆಲ್ಲ ಇವರನ್ನು ದೇವರಂತೆ ಕಂಡವರೇ. ಹೆಡ್ ಮೇಷ್ಟ್ರೂ ಸ್ವಲ್ಪ ನಕ್ಕ ಹಾಗೆ ಮಾಡಿದರು. ನಾನು ಕೇಳಿಸಿಕೊಂಡೆ. ಯಾರ ತೋಳಿಗೋ ರಕ್ತದೊತ್ತಡ ನೋಡುವ ಪಟ್ಟಿ ಸುತ್ತುತ್ತಾ ತಲೆ ಎತ್ತಲಿಲ್ಲ. ಒಂದು ಮಾತು ಗದರಿದ್ದರೆ ಸಾಕಿತ್ತು, ಎಲ್ಲರೂ ತೆಪ್ಪಗಾಗುತ್ತಿದ್ದರು.

ಅದಾದ ಮೇಲೆ ಅವರು ಬರಲಿಲ್ಲ.

ಸಂಘದ ನಿಯಮಗಳಲ್ಲೆಲ್ಲೂ ಬರೆಯದ ಒಂದು ಕೆಲಸವನ್ನು ಅವರು ಅಷ್ಟು ವರ್ಷ ಮಾಡುತ್ತಿದ್ದರು. ಯಾರಾದರೂ ಒಂದು ಮಂಗಳವಾರ ಬರಲಿಲ್ಲ ಎಂದರೆ, ಮಧ್ಯಾಹ್ನ ಕೊಡೆ ಹಿಡಿದು ಅವರ ಮನೆಗೆ ಹೋಗುತ್ತಿದ್ದರು. ಬಾಗಿಲಲ್ಲಿ ನಿಂತು ಹೆಸರು ಕೂಗಿ, ಮುಖ ನೋಡಿ, ಬೇಕೆನಿಸಿದರೆ ನನಗೆ ಹೇಳಿ ಕಳಿಸುತ್ತಿದ್ದರು. ಹೊಸ ಕಾರ್ಯದರ್ಶಿ ಬಹಳ ಶಿಸ್ತಿನ ಮನುಷ್ಯ. ಬಂದವರ ಹೆಸರನ್ನು ಅಚ್ಚುಕಟ್ಟಾಗಿ ಬರೆದುಕೊಳ್ಳುತ್ತಿದ್ದರು. ಬಾರದವರನ್ನು ಯಾರು ವಿಚಾರಿಸಬೇಕು ಎನ್ನುವುದನ್ನು ಅವರಿಗೆ ಯಾರೂ ಹೇಳಿರಲಿಲ್ಲ, ಅವರನ್ನು ದೂರಿ ಪ್ರಯೋಜನವಿಲ್ಲ. ನನಗೆ ಗೊತ್ತಿತ್ತು. ಮಾತ್ರೆ ಮುಗಿದಿರುತ್ತದೆ ಎಂದೂ ಗೊತ್ತಿತ್ತು. ಬೇಕಾದರೆ ಅವರೇ ಬರಲಿ, ನಾನೇಕೆ ಹೋಗಲಿ ಎಂದು ಬಿಗಿದುಕೊಂಡು ಕೂತೆ. ಇಪ್ಪತ್ತೇಳರ ಬಿಗುಮಾನ. ಹೀಗೆ ಮೂರು ಮಂಗಳವಾರ ಕಳೆದವು.

ನಾಲ್ಕನೆಯ ಮಂಗಳವಾರ ಬೆಳಿಗ್ಗೆ ಕಂಪಾಸಿಟರು ಜಗಲಿ ಹತ್ತಿ ಬಂದರು. ಯಾರ ಕೈಯನ್ನೂ ಹಿಡಿದಿರಲಿಲ್ಲ. ಮೂಗಿನ ಮೇಲೆ ಸೀಸೆಯ ತಳದಷ್ಟು ದಪ್ಪದ ಕನ್ನಡಕ. ಅದರೊಳಗೆ ಎಡಗಣ್ಣು ದೊಡ್ಡದಾಗಿ, ಸ್ವಚ್ಛವಾಗಿ ಕಾಣುತ್ತಿತ್ತು. ಕೂತವರೆಲ್ಲ ಎದ್ದು ಸುತ್ತುಗಟ್ಟಿದರು. ನನಗೂ ಖುಷಿಯಾಗಿ ಕೈ ಚಾಚಿದೆ. ಅವರು ನಗಲಿಲ್ಲ.

“ಕನ್ನಡಕ ಬಂದ್ ತಕ್ಷಣ ಮೊದ್ಲು ಮೇಷ್ಟ್ರ ಮುಖ ನೋಡಾನ ಅಂತ ಅವ್ರ್ ಮನೆಗೇ ಓಗಿದ್ದೆ, ಡಾಕ್ಟ್ರೇ,” ಎಂದರು. “ಬಾಯಿ ಯಾಕೋ ಒಂದ್ ಕಡೀಕೆ ಎಳ್ದಂಗದೆ. ನಂದು ಒಸ ಕನ್ನಡಕ, ಸರ್ಯಾಗ್ ಕಾಣ್ತಿಲ್ವೇನೋ ಅಂತ ಒರೆಸ್ಕೊಂಡು ಇನ್ನೊಂದ್ ಸಲ ನೋಡ್ದೆ. ಅಂಗೇ ಅದೆ.”

ಓಡಿದೆ. ಚಪ್ಪಲಿ ಹಾಕಿಕೊಂಡೆನೋ ಇಲ್ಲವೋ ನೆನಪಿಲ್ಲ. ಹೆಡ್ ಮೇಷ್ಟ್ರು ನಡುಮನೆಯ ಕುರ್ಚಿಯಲ್ಲಿ ಕೂತಿದ್ದರು. ಅವರ ಮನೆಯವರು ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದು, “ಬೆಳಗ್ಗೆಯಿಂದ ಮಾತಾಡ್ತಿಲ್ಲ ಡಾಕ್ಟ್ರೇ. ನನ್ನ ಮೇಲೆ ಏನೋ ಕೋಪ ಅಂದ್ಕೊಂಡು ಸುಮ್ಮನಿದ್ದೆ,” ಎಂದರು. ಬಲಗೈ ಎತ್ತಿ ಎಂದೆ. ತೊಡೆಯ ಮೇಲಿಂದ ಅದು ಏಳಲಿಲ್ಲ. ಅವರು ನನ್ನನ್ನೇ ನೋಡುತ್ತಿದ್ದರು. ಗುರುತು ಸಿಕ್ಕಿತ್ತು, ಅದರಲ್ಲಿ ಅನುಮಾನವಿಲ್ಲ. ನಾನು ಅಲ್ಲೇ ಅವರ ಕಾಲ ಬಳಿ ಕುಕ್ಕರಿಸಿ, ತಪ್ಪಾಯಿತು ಮೇಷ್ಟ್ರೇ ಎಂದೆ. ಅದಕ್ಕೆ ಅವರು ಏನು ಹೇಳುತ್ತಿದ್ದರೋ...

ಮತ್ತೆ ಮಾತು ಬರಲಿಲ್ಲ. ಒಂದು ವರ್ಷಕ್ಕೆ ಸ್ವಲ್ಪ ಕಡಿಮೆ ಬದುಕಿದರು. ಆ ದಿನಗಳಲ್ಲಿ ನಾನು ದಿನವೂ ಹೋದೆ, ಮಾತ್ರೆ ಕೊಟ್ಟೆ, ಕೈಕಾಲು ಆಡಿಸಿದೆ. ಕಂಪಾಸಿಟರೂ ಕುಂಬಾರಕೊಪ್ಪಲಿನಿಂದ ದಿನವೂ ನಡೆದು ಬರುತ್ತಿದ್ದರು. ಪತ್ರಿಕೆಯನ್ನು ಕನ್ನಡಕಕ್ಕೆ ಹತ್ತಿರ ಹಿಡಿದು ಮೊದಲ ಪುಟದಿಂದ ಕೊನೆಯವರೆಗೆ ಗಟ್ಟಿಯಾಗಿ ಓದುತ್ತಿದ್ದರು. ಮಧ್ಯೆ ಮಧ್ಯೆ ಅಚ್ಚಿನ ತಪ್ಪು ಸಿಕ್ಕರೆ “ಇಲ್ನೋಡಿ ಮೇಷ್ಟ್ರೇ, ಒತ್ತಕ್ಷರ ಬುಟ್ಬುಟ್ಟವ್ರೆ” ಎಂದು ತೋರಿಸುತ್ತಿದ್ದರು. ಹೆಡ್ ಮೇಷ್ಟ್ರು ಕಣ್ಣರಳಿಸಿ ಆ ಕಡೆ ನೋಡುತ್ತಿದ್ದರು. ಅವರು ತೀರಿಕೊಂಡ ದಿನ ತಲೆಯ ಹತ್ತಿರ ಕೂತು ಅತ್ತವರಲ್ಲಿ ಬೋಗಾದಿಯ ಆ ಅಕ್ಕನ ದನಿಯೇ ದೊಡ್ಡದಾಗಿತ್ತು.

ಸಂಘ ಇನ್ನೊಂದಷ್ಟು ವರ್ಷ ನಡೆಯಿತು. ಆಮೇಲೆ ನಿಂತಿತು. ಭಜನೆ ಮನೆ ಇದ್ದ ಜಾಗದಲ್ಲಿ ಈಗ ಅಂಗಡಿಗಳಿವೆ. ಈ ಅರವತ್ತು ವರ್ಷಗಳಲ್ಲಿ ನನ್ನ ಕೈ ತಪ್ಪಿ ಹೋದ ರೋಗಿಗಳು ಕೆಲವರಿದ್ದಾರೆ. ಅವರ ವಿಷಯದಲ್ಲಿ ಏನಾದರೂ ಒಂದು ಸಮಾಧಾನ ಹೇಳಿಕೊಳ್ಳುತ್ತೇನೆ. ಔಷಧ ಇರಲಿಲ್ಲ, ತಡವಾಗಿ ಬಂದರು, ನನಗೆ ಅನುಭವ ಸಾಲದು ಎಂದು. ಹೆಡ್ ಮೇಷ್ಟ್ರ ವಿಷಯದಲ್ಲಿ ಅಂಥದ್ದೊಂದೂ ಹೊಂದುವುದಿಲ್ಲ. ಔಷಧ ನನ್ನ ಚೀಲದಲ್ಲೇ ಇತ್ತು.

ಆವತ್ತು ನನ್ನ ಟೋಕನ್ ಸಂಖ್ಯೆ ಕೂಗಿದಾಗ ಎದ್ದೆ. ಕಿಟಕಿಯಾಚೆಯ ಹುಡುಗಿ ಫೋಟೊ ತೆಗೆದು, ಬೆರಳೊತ್ತಿಸಿಕೊಂಡು, ಕಾರ್ಡು ಕೈಗಿಟ್ಟಳು. “ತಾತ, ನೀವು ಚೆಕಪ್‌ಗೆ ಬರ್ಲಿಲ್ಲ ಅಂದ್ರೆ ಮೊಬೈಲ್‌ಗೆ ತಾನಾಗೇ ಮೆಸೇಜ್ ಬರತ್ತೆ,” ಎಂದಳು. ಒಳ್ಳೆಯದಮ್ಮ ಎಂದೆ. ನಿಜವಾಗಿ ಒಳ್ಳೆಯದೇ. ಮನೆಗೆ ಬರುವಾಗ ಆಟೋದವನಿಗೆ ಹೇಳಿ ಲಷ್ಕರ್ ಮೊಹಲ್ಲಾದ ಮೇಲೆ ಹಾಯಿಸಿದೆ. ಅಂಗಡಿಗಳ ಮುಂದೆ ಇಳಿದು, ಭಜನೆ ಮನೆಯ ಬಾಗಿಲಿದ್ದ ಕಡೆಯಿಂದ ಹೆಡ್ ಮೇಷ್ಟ್ರ ಮನೆಯಿದ್ದ ತಿರುವಿನವರೆಗೆ ಕೋಲೂರಿಕೊಂಡು ನಡೆದೆ. ಈಗಿನ ನನ್ನ ಕಾಲಿನಲ್ಲೂ ಐದು ನಿಮಿಷ ಹಿಡಿಯಲಿಲ್ಲ.